ಈಚಲ ಮರದ ಬುಡದಲ್ಲಿ ಆಡಿದ ಸುಳ್ಳು

ಕೊಳ್ಳುವ ಪದಾರ್ಥವನ್ನು ಎಂದೂ ಹೊಗಳಬಾರದು. ಬಾಳಿನಲ್ಲಿ ನಾನು ಕಲಿತದ್ದು ಇದೊಂದೇ, ಸಿಕ್ಕಿದವರಿಗೆಲ್ಲ ಬಿಟ್ಟಿಯಾಗಿ ಕಲಿಸುವುದೂ ಇದನ್ನೇ. ಹುಣಸೆಹಣ್ಣಿನ ಮಂಕರಿ ಹೊತ್ತು ಚಿಂತಾಮಣಿ ಸಂತೆಗೆ ನಡೆಯುತ್ತಿದ್ದವನು ಗೌರಿಬಿದನೂರಿನಲ್ಲಿ ಬೆಲ್ಲದ ಮಂಡಿ ಇಟ್ಟದ್ದು ಮುಖ ಸಿಂಡರಿಸುವ ವಿದ್ಯೆಯಿಂದ. ಬೆಲ್ಲದ ಚೂರು ಎಷ್ಟೇ ಸೊಗಸಾಗಿರಲಿ, ನಾಲಿಗೆಗೆ ತಾಗಿದೊಡನೆ ಹುಬ್ಬು ಗಂಟು ಹಾಕಿ, "ಏನಪ್ಪಾ, ಉಪ್ಪುಪ್ಪಾಗಿದೆಯಲ್ಲ" ಅಂದರೆ ಸಾಕು, ಬೆಲ್ಲ ತಂದ ಗಾಡಿಯವನ ಧೈರ್ಯ ಅರ್ಧ ಇಳಿಯುತ್ತದೆ. ಹೆಣ್ಣು ನೋಡಲು ಹೋದಾಗಲೂ ಅಭ್ಯಾಸ ಬಿಡದೆ, ಉಪ್ಪಿಟ್ಟಿನ ಒಗ್ಗರಣೆ ಸೀದಿದೆ ಅಂದುಬಿಟ್ಟೆ. ಮಾಡಿದವಳು ಬಾಗಿಲ ಸಂದಿಯಲ್ಲೇ ನಿಂತಿದ್ದಳು. ಮದುವೆಯೇನೋ ಆಯಿತು. ಆದರೆ ನಮ್ಮ ಮನೆಯಲ್ಲಿ ಇವತ್ತಿನವರೆಗೂ ಉಪ್ಪಿಟ್ಟಾಗಿಲ್ಲ.

ಇಂಥ ವಿದ್ಯೆ ಒಂದೇ ಒಂದು ಕಡೆ ಕೈಕೊಟ್ಟಿತು. ಹೇಳಿದರೆ ನಗುತ್ತೀರಿ. ನಾಲ್ಕು ಜನರ ಮಧ್ಯೆ ಕೂತಿದ್ದಾಗ ನಾನೂ ನಗುತ್ತೇನೆ.

ಪಾನನಿರೋಧ ತೆಗೆದ ಹೊಸದು. ಅಷ್ಟು ವರ್ಷ ಬೀಗ ಬಿದ್ದಿದ್ದ ಹೆಂಡದಂಗಡಿಗಳು ಮತ್ತೆ ತೆರೆಯುತ್ತಿದ್ದವು. ನಾನೂ ಒಂದು ಅಂಗಡಿ ಗುತ್ತಿಗೆ ಹಿಡಿದೆ. ಅಂಗಡಿ ಇದ್ದರೆ ಆಯಿತೇ, ಒಳ್ಳೆಯ ತೋಪು ಬೇಕು. ತೊಂಡೇಬಾವಿಯ ಆಚೆ ಹೊಳೆಯ ದಂಡೆಯಲ್ಲಿ ಮುನಿವೆಂಕಟಪ್ಪ ಅಂತ ಹೆಂಡ ಇಳಿಸುವವನೊಬ್ಬನಿದ್ದ, ಅವನ ತೋಪಿನಲ್ಲಿ ಒಂದೊಂದು ಕಾಲಕ್ಕೂ ಒಂದೊಂದು ರುಚಿ ಅಂತ ಕೇಳಿದ್ದೆ. ಮಾಗಿಯಲ್ಲಿ ಇಳಿದದ್ದು ಜೇನಂತೆ, ಬೇಸಿಗೆಯದು ಕಡು, ತಲೆಗೆ ಹತ್ತುವಂಥದ್ದು, ಮಳೆಗಾಲದ್ದು ಬರೀ ನೀರು. ನನ್ನ ಸಲಹೆ ಕೇಳುವುದಾದರೆ, ತೋಪನ್ನು ಮಾಗಿಯಲ್ಲೇ ನೋಡಬೇಕು. ಹೀಗಾಗಿ ಒಂದು ಪುಷ್ಯದ ಬೆಳಗ್ಗೆ ಮೊದಲ ರೈಲಿಗೆ ಹೋಗಿ ಇಳಿದೆ.

ಮಂಜು ಎಷ್ಟಿತ್ತೆಂದರೆ ಮರಗಳಿಗೆ ಬುಡ ಮಾತ್ರ ಇತ್ತು, ತಲೆ ಇರಲಿಲ್ಲ. ಮೇಲೆಲ್ಲೋ ಗಡಿಗೆಗಳಿಗೆ ರಸ ತೊಟ್ಟಿಕ್ಕುವ ಸದ್ದು. ಮುನಿವೆಂಕಟಪ್ಪ ಒಂದೊಂದೇ ಗಡಿಗೆ ಇಳಿಸಿ ತಂದು ತೆಂಗಿನ ಚಿಪ್ಪಿನಲ್ಲಿ ಬಗ್ಗಿಸಿದ. ಒಂದು ಮರದ್ದು ಎಳೆ ಸೌತೆಯ ವಾಸನೆ, ಇನ್ನೊಂದರದ್ದು ಹಲಸಿನ ತೊಳೆಯದ್ದು. ನಾನು ಎಲ್ಲಕ್ಕೂ ಮುಖ ಸಿಂಡರಿಸಿದೆ. ಅವನು ಎಲ್ಲಕ್ಕೂ ನಕ್ಕ.

"ಸಾವ್ಕಾರ್ರೆ, ಇವನ್ನ ಏನಾದ್ರೂ ಅನ್ನಿ. ಅಗೋ ಆ ಮರದ್ದು ಮಾತ್ರ ಇದ್ದಿದ್ದು ಇದ್ದಂಗೇ ಹೇಳ್ಬೇಕು. ಅದು ನಮ್ಮ ನಾಯ್ನಾದು."

ಆ ಕಡೆಯವರು ಅಪ್ಪನನ್ನು ನಾಯ್ನಾ ಅನ್ನುತ್ತಾರೆ, ತೆಲುಗಿನ ವಾಡಿಕೆ. ಹೆಂಡದಂಗಡಿಗಳಿಗೆ ಬೀಗ ಬಿದ್ದ ವರ್ಷವೇ ಅವರಪ್ಪ ಆ ಮರದಿಂದ ಬಿದ್ದು ತೀರಿಕೊಂಡನಂತೆ. ಇಳಿಸುವವನು ತನ್ನ ಹೆಂಡದ ರುಚಿ ತಾನು ನೋಡುವುದಿಲ್ಲ. ಕುಡಿದವನು ಮರದ ಬುಡದಲ್ಲಿ ನಿಂತು, ಮೇಲಿರುವವನಿಗೆ ಕೇಳುವ ಹಾಗೆ ರುಚಿ ಕೂಗಿ ಹೇಳಬೇಕು. ಅದು ಅವರ ಮನೆತನದ ಪದ್ಧತಿ.

ಮಂಜು ಕೊಂಚ ಸರಿದಾಗ ನಾನು ಮರ ನೋಡಿದೆ. ಈಚಲು ಮರಕ್ಕೆ ವರ್ಷಕ್ಕೊಂದು ಕಚ್ಚು, ಒಂದು ವರ್ಷ ಈ ಮಗ್ಗುಲಿಗೆ, ಮರುವರ್ಷ ಆ ಮಗ್ಗುಲಿಗೆ. ಕಚ್ಚು ಎಣಿಸಿದರೆ ಎಷ್ಟು ವರ್ಷ ಹೆಂಡ ಇಳಿದಿದೆ ಎಂದು ತಿಳಿಯುತ್ತದೆ. ಬೇರೆ ಮರಗಳಲ್ಲೆಲ್ಲ ಪಾನನಿರೋಧದ ವರ್ಷಗಳು ನುಣ್ಣಗೆ ನೇರವಾಗಿ ಬೆಳೆದುಕೊಂಡಿದ್ದವು. ಈ ಮರದಲ್ಲಿ ಒಂದು ವರ್ಷವೂ ತಪ್ಪಿರಲಿಲ್ಲ.

"ಕದ್ದು ಇಳಿಸ್ತಿದ್ದೆ ಅನ್ನು, ಕಳ್ಳ!" ಅಂದೆ.

"ನಾನು ಅಷ್ಟು ವರ್ಷ ನಂದಿ ಹತ್ರ ದ್ರಾಕ್ಷಿ ತೋಟದಲ್ಲಿ ಕೂಲಿಗಿದ್ದೆ ಸ್ವಾಮಿ. ಈ ತೋಪಿಗೆ ಕಾಲೇ ಇಟ್ಟಿಲ್ಲ." ಅವನು ಈ ಸಲ ನಗಲಿಲ್ಲ.

ಆ ಮರದ ಗಡಿಗೆ ಇಳಿಸಿ ಅವನು ಬಗ್ಗಿಸಿಕೊಟ್ಟ ಚಿಪ್ಪು ಬಾಯಿಗಿಟ್ಟೆ. ಏನು ಹೇಳಲಿ! ಅಂಥ ಸಿಹಿಯನ್ನು ನಾನು, ಬೆಲ್ಲದ ವ್ಯಾಪಾರಿ, ಅದುವರೆಗೆ ಕಂಡಿರಲಿಲ್ಲ. ಕಣ್ಣು ತಾವಾಗಿ ಮುಚ್ಚಿಕೊಂಡವು. ಆದರೆ ನಾಲಿಗೆ ಸವಿಯುತ್ತಿದ್ದಾಗಲೇ ಬಾಯಿ ವ್ಯಾಪಾರಕ್ಕಿಳಿದಿತ್ತು. "ಥೂ, ಹುಳಿ! ಗಂಜಲ ಇದಕ್ಕಿಂತ ವಾಸಿ!" ಎಂದು ಮೇಲೆ ನೋಡಿ ಕೂಗಿದೆ.

ಅಷ್ಟೂ ಹೊತ್ತು ಕೇಳುತ್ತಿದ್ದ ತೊಟ್ಟಿಕ್ಕುವ ಸದ್ದು, ಇಡೀ ತೋಪಿನಲ್ಲಿ, ಒಮ್ಮೆಗೇ ನಿಂತಿತು.

ಮುನಿವೆಂಕಟಪ್ಪ ಚಿಪ್ಪು ಇಸಕೊಂಡು, "ಹೋಗ್ಬನ್ನಿ" ಅಂದ.

ರೈಲಿನಲ್ಲಿ ಕಡಲೆಕಾಯಿ ಬಾಯಿಗೆ ಹಾಕಿದರೆ ಹುಳಿ. ಮನೆಯಲ್ಲಿ ಕಾಫಿ ಹುಳಿ. ಸಂಕ್ರಾಂತಿಯ ಹುಗ್ಗಿ ಹುಳಿ. "ಹಾಲು ಒಡೆದಿದೆ ಕಣೇ" ಅಂದಿದ್ದಕ್ಕೆ ಹೆಂಡತಿ, "ಶುರುವಾಯ್ತು ನೋಡಿ, ಈಗ ಹುಗ್ಗಿಗೂ ಬಂತು" ಎಂದು ತಟ್ಟೆ ಎತ್ತಿಟ್ಟಳು. ಡಾಕ್ಟರು ನಾಲಿಗೆ ಚಾಚಿಸಿ ನೋಡಿ ಪಿತ್ತ ಅಂದರು. ಅವರು ಕೊಟ್ಟ ಕಹಿ ಔಷಧಿಯೂ ಹುಳಿಯಾಗಿತ್ತು. ಇದೆಲ್ಲ ತಡೆಯಬಹುದಿತ್ತು. ಆದರೆ ನನ್ನ ಮಂಡಿ ನಡೆಯುವುದೇ ನಾಲಿಗೆಯ ಮೇಲೆ. ಒಂದೇ ವಾರದಲ್ಲಿ ಎರಡು ಗಾಡಿ ಕೆಟ್ಟ ಬೆಲ್ಲ ಕೊಂಡೆ. ಮೇಲೂರಿನ ಗಾಡಿಯವನು, "ಸಾವ್ಕಾರ್ರ ನಾಲಿಗೆ ಸತ್ತೋಗೈತೆ ಕಣ್ರೋ" ಎಂದು ಬೀದಿಯಲ್ಲೇ ಆಡಿದ. ನಾಲಿಗೆ ಹೋದರೆ ನನಗೆ ಉಳಿಯುವುದು ಮತ್ತೆ ಆ ಹುಣಸೆಹಣ್ಣಿನ ಮಂಕರಿಯೇ.

ಮತ್ತೆ ಮೊದಲ ರೈಲು, ಮತ್ತೆ ಮಂಜು. ಯಾವ ಮರವೂ ತೊಟ್ಟಿಕ್ಕುತ್ತಿರಲಿಲ್ಲ. ಅಪ್ಪನ ಮರದ ಮೇಲೆ ಮಾತ್ರ ಚಕ್, ಚಕ್ ಎಂದು ಕತ್ತಿಯಾಡುತ್ತಿತ್ತು. ಮುನಿವೆಂಕಟಪ್ಪ ಮೇಲಿದ್ದಾನೆ, ಒಳ್ಳೆಯದೇ ಆಯಿತು, ಮುಖ ನೋಡದೆ ತಪ್ಪೊಪ್ಪಿಕೊಳ್ಳಬಹುದು ಅಂದುಕೊಂಡೆ.

"ಲೋ, ಅವತ್ತು ನಾನು ಸುಳ್ಳು ಹೇಳ್ದೆ ಕಣಯ್ಯಾ," ಎಂದು ಕೂಗಿದೆ. "ನನ್ನ ಜೀವಮಾನದಲ್ಲಿ ಅಂಥ ಸಿಹಿ ಕುಡಿದಿಲ್ಲ. ದರ ಇಳಿಸೋಕೆ ಹುಳಿ ಅಂದೆ. ತಪ್ಪಾಯ್ತು."

ಕತ್ತಿಯ ಸದ್ದು ನಿಂತಿತು. ಯಾರೋ ಬಗ್ಗಿ ಕೇಳಿಸಿಕೊಂಡ ಹಾಗೆ ಮೇಲೆ ಗರಿಗಳು ಸರಸರ ಅಂದವು.

"ಯಾರ ಜೊತೆ ಮಾತಾಡ್ತಿದೀರಿ ಸಾವ್ಕಾರ್ರೆ?" ಅಂತ ಹಿಂದಿನಿಂದ ಕೇಳಿಸಿತು. ಮುನಿವೆಂಕಟಪ್ಪ ಹೊಳೆಯ ಕಡೆಯಿಂದ, ತೊಳೆದ ಗಡಿಗೆ ಹಿಡಿದುಕೊಂಡು ಬರುತ್ತಿದ್ದ.

ನನ್ನ ಬಾಯಿ ತೆರೆದದ್ದು ತೆರೆದೇ ಇತ್ತು. ಮೇಲಿನಿಂದ ಒಂದು ಹನಿ ನೇರವಾಗಿ ಅದರೊಳಗೆ ಬಿತ್ತು. ಸಿಹಿ. ಆಮೇಲೆ ಒಂದೊಂದೇ ಮರ ತೊಟ್ಟಿಕ್ಕತೊಡಗಿತು. ಅವನು ಮೇಲೆ ನೋಡಿ, "ಸಾಕು ನಾಯ್ನಾ, ಇಳ್ದು ಬಾ" ಅಂದ. ನಾನು ಮಾತ್ರ ಮೇಲೆ ನೋಡಲಿಲ್ಲ. ತೋಪು ಅವನು ಹೇಳಿದ ದರಕ್ಕೇ ಹಿಡಿದು ಸ್ಟೇಷನ್ನಿನವರೆಗೂ ಓಡಿದೆ.

ನಾಲಿಗೆ ಬಂತು, ಸಂತೋಷ. ಆದರೆ ಬರುವಾಗ ಒಬ್ಬಂಟಿಯಾಗಿ ಬರಲಿಲ್ಲ. ಈಗ ಮಂಡಿಯಲ್ಲಿ ಒಳ್ಳೆಯ ಬೆಲ್ಲದ ಚೂರು ಬಾಯಿಗಿಟ್ಟು, ಉಪ್ಪು ಅನ್ನೋಣವೆಂದು ಹುಬ್ಬು ಗಂಟು ಹಾಕುವಷ್ಟರಲ್ಲಿ ತಲೆಯ ಮೇಲೆ, ಹೆಂಚಿನ ಹತ್ತಿರ, ಚಕ್ ಅನ್ನುತ್ತದೆ. "ಅಮೃತ ಕಣಪ್ಪಾ!" ಎಂದು ನನ್ನ ಬಾಯಿ ತಾನೇ ಕೂಗಿಬಿಡುತ್ತದೆ. ಹೀಗಾಗಿ ಸುತ್ತಲಿನ ರೈತರೆಲ್ಲ ಬೆಲ್ಲವನ್ನು ಮೊದಲು ನನ್ನ ಹತ್ತಿರವೇ ತರುತ್ತಾರೆ. ನಾನು ರುಚಿ ನೋಡುತ್ತೇನೆ, ಹೊಗಳುತ್ತೇನೆ. ಅವರು ನನ್ನ ಮಾತು ಹಿಡಿದುಕೊಂಡು ಹೋಗಿ, ಪಕ್ಕದ ಮಂಡಿಯಲ್ಲಿ ಹೆಚ್ಚಿನ ದರಕ್ಕೆ ಮಾರುತ್ತಾರೆ.