ಅತ್ತೆಯ ಹರಕೆಯೂ ನನ್ನ ತೂಕವೂ

ತೂಕ ಇಳಿಸಲು ಹೊರಟವನಿಗೆ ತೂಕಕ್ಕಿಂತ ಮೊದಲು ಇಳಿಯುವುದು ಜನರ ಮೇಲಿನ ನಂಬಿಕೆ. ಇದು ನನ್ನ ಸ್ವಂತ ಅನುಭವ. ಮೊದಲೇ ನಾನು ಅನುಮಾನದ ಮನುಷ್ಯ. ಕಂದಾಯ ಇಲಾಖೆಯಲ್ಲಿ ಗುಮಾಸ್ತನಾಗಿ ಅರ್ಧ ಆಯುಸ್ಸು ಕಳೆದವನಿಗೆ ಯಾವ ಕಾಗದ ಸಿಕ್ಕರೂ ತಿರುಗಿಸಿ ಹಿಂಬದಿ ನೋಡುವ ಚಾಳಿ ಅಂಟಿಕೊಂಡಿರುತ್ತದೆ. ಮದುವೆಯ ಕರೆಯೋಲೆ ಬಂದರೂ ನಾನು ಸೀಲು ಹುಡುಕುತ್ತೇನೆಂದು ಹೆಂಡತಿ ಗಿರಿಜಾ ಹಂಗಿಸುವುದುಂಟು. ಆದರೆ ಊಟದ ತಟ್ಟೆಯನ್ನೂ ಹಾಗೆಯೇ ನೋಡಬೇಕಾದ ಕಾಲ ಬಂದೀತೆಂದು ನಾನು ಎಣಿಸಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಇನ್ನೂ ಹೊಸತು. ಕಳೆದ ದಸರೆಯ ಹೊತ್ತಿನ ಮಾತು. ನಂಜನಗೂಡಿನ ನಮ್ಮ ಡಾಕ್ಟರು ರಕ್ತಪರೀಕ್ಷೆಯ ಚೀಟಿ ನೋಡಿ, ಕನ್ನಡಕದ ಮೇಲಿಂದ ನನ್ನ ಹೊಟ್ಟೆಯನ್ನೂ ನೋಡಿ, "ಸಕ್ಕರೆ ಹೊಸ್ತಿಲಲ್ಲಿ ನಿಂತಿದೆ ಕಣ್ರೀ. ಸಂಕ್ರಾಂತಿ ಕಳೆದ ಮೇಲೆ ಬನ್ನಿ. ಅಷ್ಟರಲ್ಲಿ ತೂಕ ಇಳಿಸದಿದ್ರೆ ಮಾತ್ರೆ ಶುರು ಮಾಡ್ತೀನಿ. ಶುರುವಾದ್ರೆ ಮತ್ತೆ ನಿಲ್ಸೋ ಹಾಗಿಲ್ಲ" ಎಂದರು. ಜೀವನಪೂರ್ತಿ ಮಾತ್ರೆ ನುಂಗುವುದೆಂದರೆ ನನಗೆ ನಿಜಕ್ಕೂ ಭಯ. ಆದರೂ ಮೊದಲು ಅನುಮಾನ ಬಂದದ್ದು ಅವರ ತೂಕದ ಯಂತ್ರದ ಮೇಲೆ. ಮನೆಗೆ ಹೋಗುವ ದಾರಿಯಲ್ಲಿ ಬಸ್ ಸ್ಟ್ಯಾಂಡಿನ ಯಂತ್ರವನ್ನೂ ಹತ್ತಿದೆ. ಬಣ್ಣದ ದೀಪಗಳು ಗಿರಗಿರನೆ ತಿರುಗಿ, ತೂಕವನ್ನೂ ಭವಿಷ್ಯವನ್ನೂ ಅಚ್ಚುಹಾಕಿದ ಒಂದು ಚೀಟಿ ಉದುರಿತು. ತೂಕ ಡಾಕ್ಟರು ಹೇಳಿದ್ದಕ್ಕಿಂತ ತುಸು ಕಡಿಮೆಯೇ ಇತ್ತು. ಹಿಗ್ಗಿದೆ. ಚೀಟಿ ತಿರುಗಿಸಿದರೆ, "ನೀವು ಎಲ್ಲರನ್ನೂ ಸುಲಭವಾಗಿ ನಂಬುವ ಸ್ವಭಾವದವರು" ಎಂದಿತ್ತು. ಆ ಯಂತ್ರವನ್ನು ನಂಬುವುದನ್ನು ಅಲ್ಲಿಗೇ ಬಿಟ್ಟೆ.

ಮರುದಿನದಿಂದಲೇ ಬೆಳಿಗ್ಗೆ ಎದ್ದು ಕಪಿಲೆಯ ಸ್ನಾನಘಟ್ಟದವರೆಗೆ ಬಿರುಸಿನ ನಡಿಗೆ ಆರಂಭಿಸಿದೆ. ಸಕ್ಕರೆಯಿಲ್ಲದ ಕಾಫಿ, ತುಪ್ಪವಿಲ್ಲದ ಮುದ್ದೆ, ಎರಡನೇ ಸಲ ಅನ್ನವಿಲ್ಲ. ಇಷ್ಟರಲ್ಲೇ ಎಲ್ಲ ಸುಸೂತ್ರವಾಗಿ ನಡೆಯಬೇಕಿತ್ತು. ನಡೆಯದಿದ್ದುದಕ್ಕೆ ಕಾರಣ ನಮ್ಮ ಅತ್ತೆ ಮತ್ತು ಅವರು ಹೊತ್ತಿದ್ದ ಒಂದು ಹರಕೆ.

ನಮ್ಮತ್ತೆ ನನಗೆ ಬರಿಯ ಹೆಣ್ಣು ಕೊಟ್ಟ ಅತ್ತೆಯಲ್ಲ, ತಂದೆಯ ಒಡಹುಟ್ಟಿದ ತಂಗಿ. ಊರು ತಿರುಮಕೂಡಲು ನರಸೀಪುರ. ನನ್ನ ಕಚೇರಿಯೂ ಅಲ್ಲೇ. ಹಾಗಾಗಿ ಬೆಳಗಿನ ತಿಂಡಿ, ರಾತ್ರಿಯೂಟ ನಂಜನಗೂಡಿನಲ್ಲಿ ಮಗಳ ಕೈಯಲ್ಲಿ. ಮಧ್ಯಾಹ್ನದ ಊಟ ನರಸೀಪುರದಲ್ಲಿ ತಾಯಿಯ ಕೈಯಲ್ಲಿ. ಹಿಂದೊಮ್ಮೆ, ಮದುವೆಯಾದ ಹೊಸದರಲ್ಲಿ, ನನಗೆ ಕಾಮಾಲೆಯಾಗಿ ಹಾಸಿಗೆ ಹಿಡಿದಿದ್ದಾಗ ಅತ್ತೆ ನಂಜುಂಡೇಶ್ವರನಿಗೆ ಹರಕೆ ಹೊತ್ತಿದ್ದರು. ಅಳಿಯ ಎದ್ದು ಓಡಾಡುವಂತಾದರೆ ಅವನ ತೂಕದಷ್ಟು ಬೆಲ್ಲದಲ್ಲಿ ತುಲಾಭಾರ. ನಾನು ಎದ್ದು ಓಡಾಡಿದೆ. ಆದರೆ ಬಡಕಲು ಮೈಯನ್ನು ತಕ್ಕಡಿಗೆ ಹತ್ತಿಸಲು ಅವರಿಗೆ ಮನಸ್ಸು ಬರಲಿಲ್ಲ. "ಮೈ ತುಂಬ್ಲಿ ತಡಿ" ಎಂದರು. ಮೈ ತುಂಬಿತು. ಅಷ್ಟು ಹೊತ್ತಿಗೆ ಸ್ವಂತ ಗದ್ದೆಯ ಕಬ್ಬಿನ ಬೆಲ್ಲವೇ ಆಗಬೇಕೆಂಬ ಹಟ ಹುಟ್ಟಿತು. ಒಂದು ವರ್ಷ ಮನೆಯಲ್ಲಿ ಸೂತಕ, ಇನ್ನೊಂದು ವರ್ಷ ಕಬ್ಬೆಲ್ಲ ಕಾರ್ಖಾನೆಯ ಪಾಲು. ಹೀಗೆ ಹರಕೆ ಮುಂದಕ್ಕೆ ಹೋಗುತ್ತಲೇ ಇತ್ತು, ನನ್ನ ಮೈ ಮಾತ್ರ ಯಾವುದಕ್ಕೂ ಕಾಯದೆ ತುಂಬುತ್ತಲೇ ಇತ್ತು.

ಈ ವರ್ಷ ಅಂತೂ ಗದ್ದೆಯ ಪಕ್ಕದಲ್ಲೇ ಆಲೆಮನೆ ಹೂಡಿ ಬೆಲ್ಲ ಕಾಯಿಸುವುದೆಂದು ನಿಶ್ಚಯವಾಯಿತು. ಸಂಕ್ರಾಂತಿಗೆ ಮುಂಚಿನ ಒಂದು ಸೋಮವಾರ ತುಲಾಭಾರ. ನಾನು ತೂಕ ಇಳಿಸುತ್ತಿರುವ ಸುದ್ದಿ ಕೇಳಿ ಅತ್ತೆಯ ಮುಖ ಕಪ್ಪಿಟ್ಟಿತು.

"ಅಲ್ಲ ಕಣಪ್ಪ, ಅರಕೆ ಒತ್ತಿರದು ನಿನ್ನ ಭಾರಕ್ಕೆ. ಭಾರ ಇಳಿಸ್ಕಂಡು ತಕ್ಕಡಿ ಅತ್ತುದ್ರೆ ದ್ಯಾವ್ರಿಗೆ ಮೋಸ ಮಾಡ್ದಂಗಲ್ವಾ? ಮೊದ್ಲು ತೂಗುಸ್ಕ. ಆಮೇಲೆ ಎಷ್ಟ್ ಬೇಕಾದ್ರೂ ಇಳಿಸ್ಕ."

ಗಿರಿಜಾ ಇದಕ್ಕೆ ತದ್ವಿರುದ್ಧ. "ರೀ, ಅವ್ವನ ಮಾತು ಕೇಳ್ಬೇಡಿ. ಇಳಿಸ್ಕೊಂಡೇ ಹತ್ತಿ" ಎಂದಳು. ಅವಳ ಕಾಳಜಿಗೆ ಕಣ್ಣು ತೇವವಾಗಬೇಕಿತ್ತು. ನನಗೆ ಬಂದದ್ದು ಅನುಮಾನ. ತವರಿನ ಬೆಲ್ಲ ನಾಲ್ಕು ಅಚ್ಚು ಉಳಿಯಲೆಂಬ ಲೆಕ್ಕಾಚಾರ ಇದ್ದರೂ ಇರಬಹುದು. ಇನ್ನು ಅತ್ತೆಯ ವಿಷಯದಲ್ಲಿ ನನಗೆ ಅನುಮಾನವೇ ಇರಲಿಲ್ಲ, ಖಾತ್ರಿಯೇ ಇತ್ತು. ನೆಂಟರಿಷ್ಟರ ಮುಂದೆ ರಾಶಿ ಬೆಲ್ಲ ತೂಗಿಸಿ, ನಮ್ಮ ಅಳಿಯನ ಗಾತ್ರ ನೋಡಿ ಎಂದು ಮೆರೆಯುವ ಆಸೆ. ನಾನು ಅವರ ಪಾಲಿಗೆ ಪ್ರದರ್ಶನಕ್ಕಿಟ್ಟ ಕುಂಬಳಕಾಯಿ.

ನಡಿಗೆ ಬಿಡದೆ ಸಾಗಿದರೂ ಬೆಲ್ಟಿನ ತೂತು ಹಿಂದಕ್ಕೆ ಸರಿಯಲಿಲ್ಲ. ಎಲ್ಲೋ ಏನೋ ನಡೆಯುತ್ತಿದೆ ಅನ್ನಿಸಿತು. ಒಂದು ಮಧ್ಯಾಹ್ನ ಅತ್ತೆಯ ಮನೆಯಲ್ಲಿ ಮುದ್ದೆ, ಉಪ್ಪುಸಾರು ಉಂಡು ಕೈತೊಳೆಯಲು ಹಿತ್ತಿಲಿಗೆ ಹೋದೆ. ನೀರು ಕೈಮೇಲೆ ನಿಲ್ಲದೆ ಹನಿಹನಿಯಾಗಿ ಜಾರಿತು. ಉಪ್ಪುಸಾರಿಗೆ ಇಷ್ಟು ಜಿಡ್ಡು ಎಲ್ಲಿಂದ ಬಂತು? ಮರುದಿನ ಮುದ್ದೆಯನ್ನು ಅಂಚಿನಿಂದ ಮುರಿಯದೆ, ಸ್ಥಳ ತನಿಖೆಗೆ ಹೋದವನಂತೆ ನಟ್ಟನಡುವೆ ಬಗೆದೆ. ಒಳಗಿನಿಂದ ಬೆಚ್ಚನೆಯ ತುಪ್ಪ ಕೋಡಿ ಹರಿಯಿತು.

"ಅತ್ತೆ, ಇದೇನು?"

"ತುಪ್ಪ ಕಣಪ್ಪ" ಎಂದರು ಅತ್ತೆ, ಒಂದಿಷ್ಟೂ ಅಳುಕದೆ. "ಮೇಲ್ ಆಕುದ್ರೆ ಬ್ಯಾಡ ಅಂತೀಯ. ಅದ್ಕೇ ನಾನೇ ಒಳಗಿಟ್ಟಿ."

ಅಂದಿನಿಂದ ಇಲ್ಲದ ಕೆಲಸದ ನೆಪ ಹೇಳಿ ಅತ್ತೆಯ ಮನೆಯ ಊಟ ತಪ್ಪಿಸಿದೆ. ಗಿರಿಜಾ ಕಟ್ಟಿಕೊಟ್ಟ ಡಬ್ಬಿಯನ್ನು ಕಚೇರಿಯ ಬೀರುವಿನ ಮರೆಯಲ್ಲಿ ಉಂಡೆ. ಅತ್ತೆಗೂ ಅನುಮಾನ ಬರದಿರಲಿಲ್ಲ, ಎಷ್ಟಾದರೂ ನಮ್ಮ ವಂಶದವರೇ ತಾನೆ. "ಅದೇನ್ ಕೆಲ್ಸ ಕಣಪ್ಪ ನಿಮ್ ಆಪೀಸಲ್ಲಿ, ಉಣ್ಣೋ ಒತ್ತಲ್ಲೇ ಬರದು?" ಎಂದು ಎರಡು ಸಲ ಹೇಳಿಕಳಿಸಿದರು. ಬೆಲ್ಟು ಸಡಿಲಾಯಿತು. ಅಂಗಿ ಗಾಳಿಯಾಡತೊಡಗಿತು. ಗೆದ್ದೆನೆಂಬ ಜಂಬ ಬಂತು.

ತುಲಾಭಾರದ ಸೋಮವಾರ ಅತ್ತೆ ಮೂಟೆ ಬೆಲ್ಲದೊಂದಿಗೆ ದೇವಸ್ಥಾನಕ್ಕೆ ಬಂದಿಳಿದರು. ಡಾಕ್ಟರು ಮೊದಲ ದಿನ ಹೇಳಿದ್ದ ತೂಕವನ್ನು ಮಗಳಿಂದ ಕೇಳಿ ತಿಳಿದು, ಸರಿಯಾಗಿ ಅಷ್ಟೇ ತೂಗಿಸಿ ತಂದಿದ್ದರು. ನಾನು ತಕ್ಕಡಿಯ ತಟ್ಟೆಯಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತೆ. ಎದುರಿನ ತಟ್ಟೆಗೆ ಬೆಲ್ಲ ಬೀಳತೊಡಗಿತು. ಮೂಟೆಯ ತಳದಲ್ಲಿ ಇನ್ನೂ ಬೆಲ್ಲವಿರುವಾಗಲೇ ನನ್ನ ತಟ್ಟೆ ಮೆಲ್ಲಗೆ ನೆಲ ಬಿಟ್ಟಿತು. ನಾನು ಮೀಸೆಯಡಿಯಲ್ಲಿ ನಗುತ್ತಾ, ಸೋತ ಅತ್ತೆಯ ಮುಖ ನೋಡಲು ತಿರುಗಿದೆ.

ಅತ್ತೆ ಅಳುತ್ತಿದ್ದರು. ಓಡಿಬಂದು ನನ್ನ ಮುಂಗೈ ಅಮುಕಿ ನೋಡಿದರು. ಅಷ್ಟೂ ಜನರ ಮುಂದೆ ನನ್ನ ಕಣ್ಣಿನ ಕೆಳರೆಪ್ಪೆ ಎಳೆದು, "ತಿರ್ಗಾ ಕಾಮಾಲೆ ಗೀಮಾಲೆ ಏನಾರ ಆಗದಾ? ನಿಜ ಯೋಳು" ಎಂದರು.

"ಏನೂ ಇಲ್ಲ ಅತ್ತೆ, ನಾನೇ ಇಳಿಸಿದ್ದು."

"ಆವತ್ತೂ ಇಂಗೇ ಕಣಪ್ಪ, ದಿನಾ ಒಂಚೂರು ಒಂಚೂರೇ ಕರಗೋದೆ. ನಾನೇ ಎತ್ತಿ ಕೂರುಸ್ತಿದ್ದಿ. ಕೈಲಿ ಭಾರನೇ ಸಿಕ್ತಿರ್ನಿಲ್ಲ. ಈಗ ನೀನು ಉಣ್ಣಕ್ಕೆ ಬರದ್ನೂ ನಿಲ್ಲುಸ್ಬುಟ್ಟೆ. ನಂಗೆ ಯಾರೂ ನಿಜ ಯೋಳ್ತಿಲ್ಲ ಅಂದ್ಕಂಡಿ."

ಮೆರೆಯುವ ಆಸೆಯೆಂದು ನಾನು ತೀರ್ಪು ಬರೆದಿದ್ದುದರ ಒಳಗೆ ಇದ್ದದ್ದು ಇಷ್ಟು. ತಕ್ಕಡಿಯಲ್ಲಿ ಕುಳಿತೇ ನನಗೆ ನಾಚಿಕೆಯಾಯಿತು. ಇಳಿದು ಅವರ ಕಾಲಿಗೆರಗಿದೆ.

ಉಳಿದ ಬೆಲ್ಲವನ್ನು ಏನು ಮಾಡುವುದು? ಯಾರಿಗಾದರೂ ಹಂಚೋಣವೆಂದೆ. ಅತ್ತೆ ಅಷ್ಟರಲ್ಲಿ ಕಣ್ಣೊರೆಸಿಕೊಂಡು ಎಂದಿನ ಅತ್ತೆಯಾಗಿದ್ದರು. "ನಿನ್ ಎಸ್ರಲ್ಲಿ ತಂದಿರ ಬೆಲ್ಲ, ಇನ್ನೊಬ್ರು ಬಾಯ್ಗಿಡಂಗಿಲ್ಲ. ನೀನೇ ತಿನ್ಬೇಕು" ಎಂದರು. ಇಂಥ ಕಟ್ಟಳೆ ಎಲ್ಲಿದೆಯೆಂದು ಕೇಳುವ ಧೈರ್ಯ ನನಗೂ ಬರಲಿಲ್ಲ, ಗಿರಿಜಾಗೂ ಬರಲಿಲ್ಲ. ಅಷ್ಟು ದಿನ ಕಷ್ಟಪಟ್ಟು ಕಳೆದುಕೊಂಡ ತೂಕ, ತೊಲವೂ ತಪ್ಪದೆ, ಬೆಲ್ಲದ ರೂಪದಲ್ಲಿ ನನ್ನೊಡನೆ ಮನೆಗೆ ಬಂತು. ಗಿರಿಜಾ ಅದನ್ನು ಡಬ್ಬಕ್ಕೆ ತುಂಬಿ ಅಟ್ಟಕ್ಕೇರಿಸಿದಳು.

ನಾಳಿದ್ದು ಡಾಕ್ಟರ ಬಳಿಗೆ ಹೋಗಬೇಕು. ನಿನ್ನೆ ಗಿರಿಜಾ ಅಟ್ಟದಿಂದ ಇಳಿದು, "ರೀ, ಡಬ್ಬ ಅರ್ಧ ಖಾಲಿ ಆಗಿದೆ" ಎಂದಳು. "ಇಲಿ ಇರಬೇಕು" ಎಂದೆ. "ಮುಚ್ಚಳ ಬಿಗಿಯಾಗೇ ಇದೆಯಲ್ಲ, ಇಲಿ ತಿಂದು ಮತ್ತೆ ಮುಚ್ಚಿಡುತ್ತೇನ್ರೀ?" ಎಂದು ಕೇಳಿದಳು. ಈ ಕಾಲದ ಇಲಿಗಳನ್ನು ನಂಬುವಂತಿಲ್ಲವೆಂದು ಹೇಳಿ ನಡಿಗೆಗೆ ಹೊರಟೆ. ತಿನ್ನುವುದು ನಾಲಿಗೆಯ ಚಪಲಕ್ಕಲ್ಲ, ಅತ್ತೆಯ ಸಮಾಧಾನಕ್ಕೆ ಎಂದು ಪ್ರತಿ ಚೂರಿಗೂ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಹೇಳುತ್ತಿರುವ ಆಸಾಮಿಯ ಮೇಲೆ ಮಾತ್ರ ನನಗೆ ಬಲವಾದ ಅನುಮಾನವಿದೆ.