ಚಿಗವ್ವನ ಜಪಾನಿ ಗೌನು

ನಮ್ಮ ಚಿಗವ್ವ ಜಪಾನಿಗೆ ಹೋಗಿಲ್ಲ. ಹೋಗಿದ್ದರೆ ಅಲ್ಲಿಯವರಿಗೇ ಕಿಮೋನೊ ಉಡುವುದನ್ನು ಕಲಿಸಿ ಬರುತ್ತಿದ್ದಳು! ಕಲಬುರಗಿಯಲ್ಲಿ ಹುಟ್ಟಿ, ಬ್ಯಾಂಕಿನ ಕಾಕಾನನ್ನು ಮದುವೆಯಾಗಿ ನಾಸಿಕ್ ಸೇರಿದ ಈ ಹೆಂಗಸು ಬ್ಲೌಸು ಹೊಲಿದುಕೊಂಡು ತನ್ನ ಪಾಡಿಗೆ ಇದ್ದಳು. ಕೆಡಿಸಿದವಳು ನಾನೇ. ಸಂಭಾಜಿನಗರದ ಹತ್ತಿರ ಶೇಂದ್ರಾದ ಜಪಾನಿ ಕಂಪನಿಯಲ್ಲಿ ನನಗೆ ಕೆಲಸ ಸಿಕ್ಕಿತು. ವರ್ಷದ ಪಾರ್ಟಿಗೆ ಎಲ್ಲರೂ ಗೌನು ಹಾಕಿಕೊಂಡು ಬರುತ್ತಾರಂತೆ ಎಂದು ಫೋನಿನಲ್ಲಿ ಬಾಯಿಬಿಟ್ಟೆ.

"ನಿನ್ನ ಗೌನು ನಾ ಹೊಲೀತೀನಿ. ಅದೂ ಜಪಾನಿ ಪದ್ಧತೀಲೆ!"

ಅಲ್ಲಿಂದ ಶುರುವಾಯಿತು ನೋಡಿ, ಕೂತರೆ ನಿಂತರೆ ವಿಡಿಯೋ! ಜಪಾನಿಯರ ಚೆಲುವೆಲ್ಲ ಖಾಲಿ ಬಿಡುವುದರಲ್ಲಿದೆ ಎಂದು ತಿಳಿದದ್ದೇ ತಡ, ಕಾಕಾನ ಹೊಸ ಅಂಗಿಗೆ ಜೇಬೇ ಇಡಲಿಲ್ಲ.

"ಚಾಳೀಸು ಎಲ್ಲಿ ಇಟ್ಕೊಳ್ಳಲೇ?" ಎಂದು ಕಾಕಾ ಪಾಪ ಕನ್ನಡಕ ಹಿಡಿದುಕೊಂಡು ಕೇಳಿದರೆ, "ಖಾಲಿ ಬಿಡೋದ್ರಾಗೇ ಛಂದ ಅದರಿ. ನಿಮಗ ತಿಳಿಯಂಗಿಲ್ಲ, ಬಿಡ್ರಿ" ಎಂದಳಂತೆ.

ಸೊಂಟಕ್ಕೆ ಕಟ್ಟುವ ಓಬಿ ಎಂಬ ಅಗಲ ಪಟ್ಟಿಯನ್ನು ಇಳಕಲ್ ಸೆರಗಿನಿಂದ ಮಾಡಿದಳು. ಕಟ್ಟುವುದನ್ನು ಕಲಿಯಲು ಒಂದು ಸೊಂಟ ಬೇಕಲ್ಲ? ಗ್ಯಾಸ್ ಸಿಲಿಂಡರ್ ಇತ್ತು! ಖಾಲಿ ಸಿಲಿಂಡರ್ ಒಯ್ಯಲು ಬಂದವನು ಕೆಂಪು ರೇಷ್ಮೆ ಉಟ್ಟು ನಿಂತ ಅದನ್ನು ನೋಡಿ, ಚಪ್ಪಲಿ ಹೊರಗೆ ಬಿಟ್ಟು ಕೈಮುಗಿದು, "ವಹಿನೀ, ವಿಸರ್ಜನ ಕಧೀ?" ಎಂದು ಮರಾಠಿಯಲ್ಲಿ, ಗಣಪತಿ ಬಿಡುವುದು ಯಾವಾಗ ಅಂತ, ಭಕ್ತಿಯಿಂದ ಕೇಳಿದನಂತೆ.

ದೊಡ್ಡ ತಕರಾರು ಬಂದದ್ದು ಎದೆಯ ಮೇಲಿನ ಅಂಚಿಗೆ. ಕಿಮೋನೊದಲ್ಲಿ ಎಡದ ಅಂಚು ಮೇಲೆ, ಬಲದ್ದು ಕೆಳಗೆ. ಎಲ್ಲ ವಿಡಿಯೋದಲ್ಲೂ ಹಾಗೇ. ಚಿಗವ್ವ ಒಪ್ಪಬೇಕಲ್ಲ!

"ಮನಿ ಒಳಗ ಬರೋದು ಬಲಗಾಲಿಟ್ಟು, ಪ್ರಸಾದ ತೊಗೊಳ್ಳೋದು ಬಲಗೈಲೆ. ಉಡೋ ಅರಿವಿಗಷ್ಟ ಎಡ ಹ್ಯಾಂಗ? ಅವ್ರು ಸೆಲ್ಫಿ ತೊಗೊಂಡಾರ, ಉಲ್ಟಾ ಬಂದದ!"

ಹೀಗೆ ಇಡೀ ಜಪಾನನ್ನು ತಿದ್ದಿ, ಬಲದ ಅಂಚನ್ನೇ ಮೇಲಿಟ್ಟು ಗಟ್ಟಿಯಾಗಿ ಹೊಲಿದುಬಿಟ್ಟಳು.

ತೋಳುಗಳಿಗೆ ಕಾಗದದ ದೋಣಿಯಂಥ ಮಡಿಕೆಗಳು. ಅವು ಕೆಡಬಾರದೆಂದು ಸಂಭಾಜಿನಗರದ ರೈಲಿನಲ್ಲಿ ಗೌನನ್ನು ಕಾಕಾನ ಸೀಟಿನಲ್ಲಿ ಕೂರಿಸಿದಳು. ಮನ್ಮಾಡ್ ದಾಟಿದ ಮೇಲೆ ಟಿ.ಸಿ. ಬಂದು, ಈ ಸೀಟಿನವರು ಎಲ್ಲಿ ಎಂದು ಕೇಳಿದ. ಚಿಗವ್ವ ತನ್ನ ಕಲಬುರಗಿ ಹಿಂದಿಯಲ್ಲಿ, "ಬಾಗಿಲ ಹತ್ತಿರ ನಿಂತಿದ್ದಾರೆ. ಅವರು ಮೊದಲೇ ಸುಕ್ಕಾಗಿದ್ದಾರೆ, ಗೌನು ಆಗಬಾರದು ನೋಡಿ!" ಎಂದಳು.

ಪಾರ್ಟಿಗೆ ಮನೆಯವರನ್ನೂ ಕರೆದಿದ್ದರು. ನಾನು ಗೌನು ತೊಟ್ಟು ಒಳಗೆ ಹೋದೆ. ಎಲ್ಲರೂ ವಾಹ್ ವಾಹ್! ನಮ್ಮ ಜಪಾನಿ ಸಾಹೇಬರ ಹೆಂಡತಿ ಮಾತ್ರ ಬಾಯಿಗೆ ಕೈ ಅಡ್ಡ ಹಿಡಿದರು. ಆಮೇಲೆ ನನ್ನನ್ನು ಬದಿಗೆ ಕರೆದು, ಹತ್ತು ಸಲ ಕ್ಷಮೆ ಕೇಳಿ, ಮೆಲ್ಲಗೆ ಇಂಗ್ಲಿಷಿನಲ್ಲಿ ಹೇಳಿದರು: "ಬಲದ ಅಂಚು ಮೇಲೆ ಬರುವಂತೆ ಉಡಿಸುವುದು, ನಮ್ಮಲ್ಲಿ, ತೀರಿಕೊಂಡವರಿಗೆ."

ನನಗೆ ನಗು ತಡೆಯಲಾಗಲಿಲ್ಲ. ಓಡಿಹೋಗಿ, "ಚಿಗವ್ವ, ಜಪಾನ್‌ದಾಗ ಇದು ಹೆಣಕ್ಕ ಉಡಸೋ ರೀತಿ ಅಂತ!" ಎಂದೆ.

ಚಿಗವ್ವ ನಗಲಿಲ್ಲ. ನನ್ನ ರಟ್ಟೆ ಹಿಡಿದು ಬಚ್ಚಲಿಗೆ ಎಳೆದೊಯ್ದು, ಬಾಗಿಲು ಹಾಕಿ, ಹೊಲಿಗೆಯನ್ನು ಹಲ್ಲಿನಿಂದ ಕಿತ್ತಳು. ಎಡದ ಅಂಚನ್ನು ಮೇಲೆ ತಂದು ಪಿನ್ನು ಚುಚ್ಚಿದಳು, ಮತ್ತೆ ಕಿತ್ತು ಚುಚ್ಚಿದಳು.

"ಇರಲಿ ಬಿಡು ಚಿಗವ್ವ, ಯಾರಿಗೆ ತಿಳೀತದ?"

"ನಿಮ್ಮವ್ವಗ ಕಡೀ ಸೀರಿ ಉಡಿಸಿದ್ದು ಇವೇ ಕೈ, ತಂಗಿ. ಇವೇ ಕೈಲೆ ನಿನಗೂ..."

ಅವ್ವ ಹೋದಾಗ ನಾನಿನ್ನೂ ಶಾಲೆಯ ಹುಡುಗಿ. ಒಳಕೋಣೆಯಲ್ಲಿ ಆ ಕೆಲಸ ಯಾರು ಮಾಡಿದರೆಂದು ನಾನು ಯಾವತ್ತೂ ಕೇಳಿರಲಿಲ್ಲ. ಚಿಗವ್ವನ ಎರಡೂ ಕೈ ಹಿಡಿದು ನನ್ನ ಕೆನ್ನೆಗೆ ಒತ್ತಿಕೊಂಡೆ.

"ಬೆಚ್ಚಗದೀನಿಲ್ಲ ಚಿಗವ್ವ? ಮುಟ್ಟಿ ನೋಡು."

ಅವಳು ಮುಟ್ಟಿ ನೋಡುತ್ತಲೇ ನಿಂತಳು. ಹೊರಗೆ ಯಾರೋ ಮೈಕಿನಲ್ಲಿ ನನ್ನ ಹೆಸರು ಕರೆಯುತ್ತಿದ್ದರು. ನಾವಿಬ್ಬರೂ ಬಾಗಿಲು ತೆಗೆಯಲಿಲ್ಲ.