ಹೆಬ್ಬೆರಳ ಮೇಲೆ ಹೊನ್ನೇಶ

ಎಲ್ಲದಕ್ಕೂ ಕಾರಣ ಎಂಟಾಣೆ ಅಗಲದ ಒಂದು ತಾಮ್ರದ ತಗಡು.

ಅದನ್ನು ಕೊರೆದವನು ಗದಗ-ಬೆಟಗೇರಿಯ ಸಕ್ರಪ್ಪ. ಒಂದು ಹಳೆಯ ಛಾಪಖಾನೆಯಲ್ಲಿ ನಲವತ್ತು ವರ್ಷ ಸೀಸದ ಅಚ್ಚುಮೊಳೆ ಜೋಡಿಸಿ, ಬ್ಲಾಕು ಕೊರೆದು, ಊರಿನ ಅರ್ಧ ಲಗ್ನಪತ್ರಿಕೆಗಳನ್ನು ಕೈಯಾರೆ ಅಚ್ಚು ಹಾಕಿದವನು. ನಾಲ್ಕು ವರ್ಷದ ಹಿಂದೆ ಮಷೀನನ್ನು ಗುಜರಿಗೆ ಹಾಕಿದರು. ಅವನ ಮಾತೂ ಅದರ ಜೊತೆಗೇ ತೂಕಕ್ಕೆ ಹೋದಂತಾಯಿತು. ಬೆಳಿಗ್ಗೆ ಮನೆಯ ಕಟ್ಟೆಯ ಮೇಲೆ ಕೂತರೆ ಬಿಸಿಲು ಅವನನ್ನು ದಾಟಿಕೊಂಡು ಎದುರಿನ ಗೋಡೆಗೆ ಹೋಗುತ್ತಿತ್ತು; ಅವನು ಮಾತ್ರ ಅಲ್ಲೇ ಇರುತ್ತಿದ್ದ.

ಸೊಸೆ ಮಂಜುಳಾ ಪಡಸಾಲೆಯಲ್ಲಿ ಉಗುರಿಗೆ ಬಣ್ಣ ಹಚ್ಚುವ ಕೆಲಸ ಶುರು ಮಾಡಿದ್ದಳು. ಗಂಡ ಬಸ್ಸಿನ ಕಂಡಕ್ಟರು. ಅವನು ಮುಂಡರಗಿ ಕಡೆ ಹೋದ ಮೇಲೆ ಮಿಣಮಿಣ ಮಿಂಚುವ ಸೀಸೆಗಳು ಚಾಪೆಯ ಮೇಲೆ ಸಾಲುಗಟ್ಟುತ್ತಿದ್ದವು. ಚಿತ್ರ ಕೊರೆದ ತಗಡಿಗೆ ಬಣ್ಣ ಬಳಿದು, ಹೆಚ್ಚಾದದ್ದನ್ನು ಕೆರೆದು ತೆಗೆದು, ಮೇಲೊಂದು ಮೆತ್ತನೆಯ ರಬ್ಬರು ಒತ್ತಿದರೆ ಚಿತ್ರ ರಬ್ಬರಿಗೆ ಬರುತ್ತಿತ್ತು. ಆ ರಬ್ಬರನ್ನು ಉಗುರಿಗೆ ಒತ್ತಿದರೆ ಉಗುರಿನ ಮೇಲೆ ನವಿಲು ಕೂರುತ್ತಿತ್ತು. ಸಕ್ರಪ್ಪ ಬಾಗಿಲಲ್ಲಿ ನಿಂತು ಮೊದಲ ಸಲ ಅದನ್ನು ನೋಡಿದವನು, ಎಷ್ಟೋ ತಿಂಗಳ ಮೇಲೆ ಒಂದು ಪೂರ್ತಿ ವಾಕ್ಯ ಆಡಿದ.

"ಇದು ನಮ್ಮ ಛಾಪಖಾನಿ ಕೆಲಸನ ಅಲ್ಲೇನು, ಮಗಳ?"

ಮಂಜುಳಾ ಆ ವಾಕ್ಯವನ್ನು ಮರೆಯಲಿಲ್ಲ. ಸೊರಟೂರಿನ ನೀಲಾ ಎಂಬ ಹುಡುಗಿಗೆ ಹಮ್ಮಿಗಿಯ ಹೊನ್ನೇಶ ಎಂಬ ಹುಡುಗನೊಡನೆ ಲಗ್ನ ಗೊತ್ತಾಗಿ, ನಿಶ್ಚಯದ ಕಾರ್ಯ ಬಂತು. ಕಾರ್ಯದಲ್ಲಿ ಗಂಡಿನ ಕಡೆಯ ಹೆಂಗಸರು ಹುಡುಗಿಯನ್ನು ಸುತ್ತುಗಟ್ಟಿ 'ಹೆಸರ ಹೇಳು' ಎಂದು ಕಾಡುತ್ತಾರೆ. ಅವಳು ಒಡಪು ಎಂಬ ಪ್ರಾಸದ ಸಾಲು ಕಟ್ಟಿ, ಅದರೊಳಗೆ ಗಂಡನ ಹೆಸರು ಸೇರಿಸಿ ಹೇಳಬೇಕು. ನೀಲಾಳಿಗೆ ನಾಲ್ಕು ಮಂದಿಯೆದುರು ಬಾಯಿ ಕಟ್ಟುತ್ತದೆ. ಮೂರು ಬೆರಳಿನ ಮೇಲೆ ಹೊ, ನ್ನೇ, ಶ ಎಂದು ಮೂಡಿಸಿಕೊಂಡರೆ ಸುಮ್ಮನೆ ಕೈ ಎತ್ತಿ ತೋರಿಸಿ ಪಾರಾಗಬಹುದು ಎಂದು ಅವಳ ಲೆಕ್ಕ. ಮಂಜುಳಾಳಿಗೆ ಇವಳೇ ಮೊದಲ ಮದುವಣಗಿತ್ತಿ. ಈ ಕೈ ಚೆನ್ನಾಗಿ ಬಂದರೆ ನಿಶ್ಚಯಕ್ಕೆ ಬಂದ ಹೆಂಗಸರೆಲ್ಲ ನೋಡುತ್ತಾರೆ. ಕೆಟ್ಟರೂ ಅವರೇ ನೋಡುತ್ತಾರೆ.

"ಅಂಥಾ ತಗಡ ಪ್ಯಾಟ್ಯಾಗ ಸಿಗಂಗಿಲ್ಲ. ನಮ್ಮ ಮಾವಾರ ಕೊರದ ಕೊಡ್ತಾರ," ಎಂದು ಅವಳು ಫೋನಿನಲ್ಲಿ ಹೇಳಿದ್ದು ಸಕ್ರಪ್ಪನ ಕಿವಿಗೆ ಬಿತ್ತು. ನಾಲ್ಕು ವರ್ಷದಲ್ಲಿ ಅವನ ಕೈಕೆಲಸ ಬೇಕು ಅಂದವಳು ಅವಳೊಬ್ಬಳೇ. ಮೂರು ದಿನ ಕೂತು ಕೊರೆದು, ನಿನ್ನೆ ಸಂಜೆ ಅವಳ ಅಂಗೈಗೆ ಇಟ್ಟಿದ್ದ.

ಇವತ್ತು ಮುಂಜಾನೆ ಮಂಜುಳಾ ಚೀಲ ಹಿಡಿದು ಹೊರಟಳು. "ಮಾವಾರ, ಟಾಂಗಾಕೂಟದ ಪ್ಯಾಟಿಗೆ ಹೋಗಿ ಬರ್ತೀನಿ. ನೀಲಾ ಮೂರಕ್ಕ ಬರ್ತಾಳ."

"ಏನ ತರಾಕ?"

"ಸಣ್ಣ ಸಾಮಾನ, ಬಿಡ್ರಿ."

ಮನೆ ಖಾಲಿಯಾಯಿತು. ತಗಡು ಡಬ್ಬಿಯಲ್ಲಿ ಮಿಂಚುತ್ತಿತ್ತು. ತಾನು ಕೊರೆದದ್ದನ್ನು ಒಮ್ಮೆ ಒತ್ತಿ ನೋಡದೆ ಇರುವುದು ಯಾವ ಛಾಪಖಾನೆಯವನಿಗೂ ಆಗದ ಮಾತು. ಸಕ್ರಪ್ಪ ತನ್ನ ಮೊರದಗಲದ ಹೆಬ್ಬೆರಳಿನ ಉಗುರಿಗೆ ಬಂಗಾರದ ಬಣ್ಣ ಬಳಿದು, ಒಣಗಿಸಿ, ತಗಡಿಗೆ ಕಪ್ಪು ಬಣ್ಣ ಹಚ್ಚಿ ಕೆರೆದು, ರಬ್ಬರು ಒತ್ತಿ, ಹೆಬ್ಬೆರಳಿಗೆ ದಾಟಿಸಿದ. ಕನ್ನಡಕ ಏರಿಸಿ ಓದಿದ: ಹೊನ್ನೇಶ. ಒಂದು ಗೆರೆಯೂ ಮುಕ್ಕಾಗಿರಲಿಲ್ಲ. ನೀರು ಕುಡಿದಷ್ಟು ಸಲೀಸಾಗಿ ಓದಿಸಿಕೊಂಡಿತು.

ಅಷ್ಟು ಸಲೀಸಾಗಿ ಓದಿದ್ದೇ ಅವನಿಗೆ ಅನುಮಾನ ತಂದಿತು. ನಲವತ್ತು ವರ್ಷ ಅವನು ಸಲೀಸಾಗಿ ಓದಿದ್ದು ಉಲ್ಟಾ ಅಕ್ಷರಗಳನ್ನು ಮಾತ್ರ.

ಗೋಡೆಯ ಕನ್ನಡಿಯೆದುರು ಹೆಬ್ಬೆರಳು ಹಿಡಿದ. ಕನ್ನಡಿಯೊಳಗೆ ಹೊನ್ನೇಶ ನೆಟ್ಟಗೆ ನಿಂತಿದ್ದ. ಅಂದರೆ ಬೆರಳ ಮೇಲೆ ಅವನು ಉಲ್ಟಾ. ಮೊಳೆಯಿಂದ ನೇರ ಕಾಗದಕ್ಕೆ ಒತ್ತುವುದಾದರೆ ಉಲ್ಟಾ ಕೊರೆಯಬೇಕು. ಇಲ್ಲಿ ನಡುವೆ ರಬ್ಬರು ಬಂದು ತಾನೇ ಒಂದು ಸಲ ತಿರುಗಿಸುತ್ತದೆ. ತಗಡಿನಲ್ಲಿ ನೆಟ್ಟಗೆ ಕೊರೆಯಬೇಕಿತ್ತು. ಅವನ ಕೈ ಅವನನ್ನು ಕೇಳದೆ ರೂಢಿಯಂತೆ ಉಲ್ಟಾ ಕೊರೆದಿತ್ತು.

ಹೇಳಿಬಿಡಬಹುದಿತ್ತು. ಆದರೆ 'ನಮ್ಮ ಮಾವಾರ ಕೊರದ ಕೊಡ್ತಾರ' ಎಂದ ಆ ದನಿಯ ಹೆಮ್ಮೆ ಅವನ ಕಿವಿಯಲ್ಲಿ ಇನ್ನೂ ಬೆಚ್ಚಗಿತ್ತು. ಮೂರರೊಳಗೆ ಇನ್ನೊಂದು ತಗಡು ಕೊರೆದು ಬದಲಿಸಿದರೆ ಯಾರಿಗೂ ಗೊತ್ತಾಗದು. ಮೊದಲು ಹೆಬ್ಬೆರಳು ಒರೆಸಬೇಕು. ಬಣ್ಣ ತೆಗೆಯುವ ನೀರು ಇದೇ ಇರಬೇಕೆಂದು ಒಂದು ತಿಳಿಯಾದ ಸೀಸೆಯಿಂದ ಧಾರಾಳವಾಗಿ ಬಳಿದ. ಅದು ಬಣ್ಣ ಅಳಿಸದಂತೆ ಕೊನೆಗೆ ಹಚ್ಚುವ ಹೊಳಪಿನ ಲೇಪ. ಹೊನ್ನೇಶ ಗಾಜಿನ ಕಟ್ಟು ಹಾಕಿಸಿದ ಫೋಟೋದಂತೆ ಭದ್ರವಾದ.

ಹೆಬ್ಬೆರಳಿಗೆ ಅರಿವೆ ಸುತ್ತಿ, ಒಂದು ಹೊಸ ತಾಮ್ರದ ಬಿಲ್ಲೆ, ಸಣ್ಣ ಉಳಿ ಕಿಸೆಗೆ ಹಾಕಿಕೊಂಡು ಸಕ್ರಪ್ಪ ಹೊರಬಿದ್ದ. ಪಕ್ಕದ ಮನೆಯ ರಾಮವ್ವ ಹೊಸ್ತಿಲಲ್ಲಿ ಜೋಳ ಹಸನು ಮಾಡುತ್ತಿದ್ದಳು.

"ಸಕ್ರಪ್ಪಣ್ಣ, ಬೆರಳಿಗೇನಾತು?"

"ಏನಿಲ್ಲ. ಸ್ವಲ್ಪ ಕೊಯ್ಕೊಂಡೆ."

"ಕೊಯ್ಕೊಂಡ್ರ ಏನಿಲ್ಲ ಅಂತಾರೇನು? ಬರ್ರಿಲ್ಲೆ, ಅರಿಷಿಣ ಹಚ್ತೀನಿ."

"ಬ್ಯಾಡವಾ, ಜಲ್ದಿ ಐತಿ."

"ಬ್ಯಾಡ ಅಂದಾವ್ರ ಗಾಯನ ಹಣ್ಣಾಗ್ತಾವ. ಕೊಡ್ರಿ ಕೈ."

ರಾಮವ್ವ ಹಿಡಿದ ಕೈ ಬಿಡುವವಳಲ್ಲ. ಅರಿವೆ ಬಿಚ್ಚಿತು. ಬೆಳಗಿದ ಹಿತ್ತಾಳೆ ತಂಬಿಗೆಯಂತೆ ಹೆಬ್ಬೆರಳು ಬಿಸಿಲಿಗೆ ಥಳಥಳಿಸಿತು. ರಾಮವ್ವ ತಲೆ ಎಡಕ್ಕೆ ಬಾಗಿಸಿ ನೋಡಿದಳು, ಬಲಕ್ಕೆ ಬಾಗಿಸಿ ನೋಡಿದಳು.

"ಏನೋ ಬರದೈತಲ್ಲ. ಯಾವ ಭಾಷಾ ಇದು?"

"ಕನ್ನಡನ."

"ನಮ್ಮ ಶಾಲ್ಯಾಗ ಹಿಂಥಾ ಕನ್ನಡ ಕಲಿಸಿಲ್ಲ ಬಿಡ್ರಿ."

"ಹೊನ್ನೇಶ ಅಂತ ಐತಿ," ಎಂಬ ಮಾತು ಸಕ್ರಪ್ಪನ ಬಾಯಿಂದ ಜಾರಿತು.

"ಯಾರ ಆಂವ?"

"ಹಮ್ಮಿಗಿಯಾಂವ. ಲಗ್ನದ ಹುಡುಗ."

ರಾಮವ್ವ ಅರಿಷಿಣದ ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟಳು. ಅವಳ ದನಿಗೆ ಮರುಕ ಬಂತು. "ಅಣ್ಣಾ, ನಿಮ್ಮ ಮನಿಯಾಕಿ ತೀರಿ ಹೋದ ಮ್ಯಾಲೆ ನೀವು ಒಬ್ಬರ ಕುಂಡ್ರೂದು ಭಾಳ ಆತು. ಮಂಜುಳಾಗ ನಾ ಆವಾಗನ ಹೇಳಿದ್ದೆ, ಮಾವಗ ಟಿವಿನರ ಹಚ್ಚಿ ಕೊಡವಾ ಅಂತ."

"ಯಾರಿಗೂ ಹೇಳಬ್ಯಾಡ, ರಾಮವ್ವ."

"ನಾ ಯಾಕ ಹೇಳ್ಲಿ?"

ಸಕ್ರಪ್ಪ ಓಣಿಯ ತಿರುವು ಮುಟ್ಟುವಷ್ಟರಲ್ಲಿ ನಾಲ್ಕು ಬಾಗಿಲು ತೆರೆದಿದ್ದವು. ಒಬ್ಬಳು ಆರಾಮ ಅದೀರೇನು ಎಂದು ಕೇಳಿದಳು. ಇನ್ನೊಬ್ಬಳು ಏನೂ ಕೇಳದೆ ಬರೀ ಹೆಬ್ಬೆರಳನ್ನೇ ನೋಡಿದಳು. ಅದು ಹೆಚ್ಚು ಕಷ್ಟವಾಗಿತ್ತು.

ನೆಟ್ಟಗೆ ಬರೆಯುವ ಕೈ ಹುಡುಕಿಕೊಂಡು ಅವನು ನಿಂತದ್ದು ಮುರ್ತುಜಾನ ಸ್ಟೀಲ್ ಪಾತ್ರೆ ಅಂಗಡಿಯಲ್ಲಿ. ಮದುವೆಯ ಮುಯ್ಯಿಗೆ ಕೊಡುವ ಕೊಡ, ಪರಾತಗಳ ಮೇಲೆ ಟರ್ರ್ ಎನ್ನುವ ಸಣ್ಣ ಮಷೀನಿನಿಂದ ಹೆಸರು ಬರೆಯುವುದರಲ್ಲಿ ಮುರ್ತುಜಾನ ಕೈ ಹೆಸರುವಾಸಿ.

"ಬರ್ರಿ ಕಾಕಾ, ಕುಂಡ್ರಿ," ಎಂದ ಮುರ್ತುಜಾ. "ಬೆರಳ ತೋರಸ್ರಿ."

"ಯಾವ ಬೆರಳು?"

"ಖಬರ ಬಂದ ಹತ್ತ ಮಿನಿಟ ಆತು."

ಸಕ್ರಪ್ಪ ನಡೆದದ್ದನ್ನೆಲ್ಲ ಹೇಳಿದ. ಮುರ್ತುಜಾ ನಗಲಿಲ್ಲ, ನಗುವನ್ನು ಹಲ್ಲಿನೊಳಗೆ ಹಿಡಿದುಕೊಂಡು ಮಷೀನು ಕೊಟ್ಟ. ಸಕ್ರಪ್ಪ ಒಂದು ಹಳೆಯ ಸೌಟಿನ ಮೇಲೆ ನೆಟ್ಟಗೆ ಬರೆಯಲು ಹೋದ. ಉಲ್ಟಾ ಬಂತು. ಇನ್ನೊಮ್ಮೆ. ಉಲ್ಟಾ. ಮೂರನೆಯ ಸಲ ಕಣ್ಣು ಮುಚ್ಚಿ ಬರೆದ. ಆಗಲೂ ಉಲ್ಟಾ.

"ನಿಮ್ಮ ಕೈ ಕನ್ನಡಿ ಒಳಗಿಂದ ಹೊರಗ ಬಂದೈತಿ, ಕಾಕಾ. ಇಲ್ಲೆ ಕೊಡ್ರಿ, ಒಂದ ಮಿನಿಟಿನ ಕೆಲಸ."

ಮುರ್ತುಜಾ ಬಿಲ್ಲೆ ತಗೊಂಡು ಟರ್ರ್ ಅನ್ನಿಸಿದ. ಸಕ್ರಪ್ಪ ಬಗ್ಗಿ ಓದಿದ: 'ಹೊನ್ನೇಶ ಇವರ ಪ್ರೀತಿಯ ಕಾ'.

"ಉಗುರಿನ ಮ್ಯಾಲೆ ಪ್ರೀತಿಯ ಕಾಣಿಕೆ ಎಲ್ಲಿ ಹಿಡಸ್ಲಿ, ಮುರ್ತುಜಾ?"

ಮುರ್ತುಜಾ ಮಷೀನು ನಿಲ್ಲಿಸಿ ತನ್ನ ಕೈಯನ್ನೇ ನೋಡಿಕೊಂಡ. "ಮೂವತ್ತ ವರ್ಷ ಆತು ಕಾಕಾ. ಹೆಸರ ಬರದ ಕೂಡ್ಲೆ ಇದು ತಾನ ಮುಂದ ಹೋಗಿಬಿಡ್ತೈತಿ."

ಹೊರಗೆ ಟಂಟಂ ರಿಕ್ಷಾ ಒಂದು ಹಾರ್ನು ಹೊಡೆದು ಹೋಯಿತು. ಆಮೇಲೆ ಮುರ್ತುಜಾ ಬಿಲ್ಲೆಯ ಇನ್ನೊಂದು ಮಗ್ಗುಲಿಗೆ ಪೆನ್ನಿನಿಂದ ಸಣ್ಣದಾಗಿ ಹೆಸರು ಬರೆದ. ಸಕ್ರಪ್ಪ ಬಿಲ್ಲೆಯನ್ನು ತಲೆಕೆಳಗೆ ಹಿಡಿದು ಆ ಗೆರೆಗಳ ಮೇಲೆ ಉಳಿ ಆಡಿಸಿದ. ಅಕ್ಷರ ಅಂದುಕೊಂಡರೆ ಕೈ ತಿರುಗುತ್ತಿತ್ತು. ರಂಗೋಲಿ ಅಂದುಕೊಂಡ. ಮಧ್ಯಾಹ್ನದ ಊಟ ತಪ್ಪಿತು, ಕಣ್ಣಲ್ಲಿ ನೀರು ಬಂತು. ಆದರೆ ಎರಡೂವರೆಗೆ ಜೀವಮಾನದಲ್ಲಿ ಮೊದಲ ಬಾರಿ ಸಕ್ರಪ್ಪ ನೆಟ್ಟನೆಯ ಒಂದು ಹೆಸರು ಕೊರೆದಿದ್ದ.

ಮನೆಗೆ ಬಂದರೆ ನೀಲಾ ಆಗಲೇ ಚಾಪೆಯ ಮೇಲೆ ಕೂತಿದ್ದಳು. ಜೊತೆಗೆ ವರನ ಸೋದರತ್ತೆ ಉಡಚವ್ವ. ಜವಳಿ ತರಲು ಗದಗಿಗೆ ಬಂದವಳು, ಹುಡುಗಿ ಏನು ಬಣ್ಣ ಹಚ್ಚಿಸಿಕೊಳ್ಳುತ್ತಾಳೋ ನೋಡಬೇಕೆಂದು ಬೆನ್ನು ಹತ್ತಿ ಬಂದಿದ್ದಳು. ಮಂಜುಳಾ ಒಳಗೆ ಚಹಾ ಸೋಸುತ್ತಿದ್ದಳು. ಸಕ್ರಪ್ಪ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ, ಡಬ್ಬಿಯ ಹತ್ತಿರ ಕೂತಂತೆ ಮಾಡಿ ಹಳೆಯ ತಗಡು ತೆಗೆದು ಹೊಸದನ್ನು ಇಟ್ಟ. ಎದೆಯ ಮೇಲಿನ ರುಬ್ಬುಗುಂಡು ಇಳಿದಂತಾಯಿತು.

"ಗಂಡನ ಹೆಸರ ಊರಿಗೆಲ್ಲ ಕಾಣೂವಂಗ ಬರಸ್ಕೊಳ್ಳೂದು ಯಾವ ಪದ್ಧತಿ?" ಎಂದು ಉಡಚವ್ವ ಗೊಣಗುತ್ತಿದ್ದಳು. "ಇದನ್ನ ನಾಳೆ ಮಂದ್ಯಾಗ ಎತ್ತಿ ಹಿಡೀತಾಳಂತ. ನಮ್ಮ ಮಂದಿ ಸುಮ್ನಿದ್ರ ಕೇಳ್ರಿ."

ಮಂಜುಳಾ ಚಹಾ ಕೊಟ್ಟು ಕೆಲಸಕ್ಕೆ ಕೂತಳು. ನೀಲಾಳ ಉಗುರಿಗೆ ನವಿಲುಗರಿಯ ಹಸಿರು ಹಚ್ಚಿದಳು. ಅದರಲ್ಲಿ ಮಿಂಚಿನ ಪುಡಿ ಸಣ್ಣ ನಕ್ಷತ್ರಗಳಂತೆ ತೇಲಿತು. ಆಮೇಲೆ ಚೀಲದಿಂದ ಇನ್ನೊಂದು ರಬ್ಬರು ತೆಗೆದಳು. ತಗಡಿನಿಂದ ಮೊದಲ ರಬ್ಬರಿಗೆ, ಮೊದಲ ರಬ್ಬರಿನಿಂದ ಎರಡನೆಯದಕ್ಕೆ, ಎರಡನೆಯದರಿಂದ ಉಗುರಿಗೆ. ಬಣ್ಣ ಕಣ್ಣು ಮಿಟುಕಿಸುವಷ್ಟರಲ್ಲಿ ಒಣಗುವಂಥದ್ದು. ಅಕ್ಷರ ನೋಡುತ್ತ ಕೂರಲು ಪುರಸೊತ್ತಿಲ್ಲ. ಎರಡು ರಬ್ಬರೇಕೆ ಎಂದು ಸಕ್ರಪ್ಪನಿಗೆ ಅನಿಸಿತು. ಹೊಸ ಫ್ಯಾಷನ್ ಇರಬೇಕು ಎಂದುಕೊಂಡ. ಕೇಳಲಿಲ್ಲ.

ನೀಲಾ ಮೂರು ಬೆರಳು ಎತ್ತಿ ಹಿಡಿದಳು. ಬಾಗಿಲಿನಿಂದಲೇ ಸಕ್ರಪ್ಪ ಓದಿದ: ಹೊ, ನ್ನೇ, ಶ. ನೀರು ಕುಡಿದಷ್ಟು ಸಲೀಸಾಗಿ. ಅವನ ಮುಖದಲ್ಲಿ ಹೊರಟ ನಗು ಅರ್ಧ ದಾರಿಯಲ್ಲಿ ನಿಂತಿತು.

"ಅಕ್ಕಾರ," ಎಂದಳು ನೀಲಾ ಸಣ್ಣ ದನಿಯಲ್ಲಿ, "ಇವು ಉಲ್ಟಾ ಅದಾವಲ್ರಿ."

ಮಂಜುಳಾ ಆ ಬೆರಳುಗಳನ್ನು ತಿರುವಿ ತಿರುವಿ ನೋಡಿದಳು. ನೀರು ತರುವೆನೆಂದು ಎದ್ದು ಒಳಗೆ ಹೋದಳು. ಹಿಂದೆಯೇ ಸಕ್ರಪ್ಪ ಹೋದ.

"ಮಾವಾರ, ನಾ ಎರಡ ಸಲ ತಿರುವಿದೆ. ಹೆಂಗ ಉಲ್ಟಾ ಬಂತು?"

"ಎರಡ ಸಲ ಯಾಕ ತಿರುವಿದಿ?"

"ನೀವು ಕೊರದದ್ದು ಉಲ್ಟಾ ಇತ್ತಲ್ರಿ. ನಿನ್ನಿ ಸಂಜಿಕನ ನೋಡಿದೆ. ಅದಕ್ಕ ಮುಂಜಾನಿ ಇನ್ನೊಂದ ರಬ್ಬರ ತರಾಕ ಹೋಗಿದ್ದೆ."

"ನಾ ಈಗ ಬಂದ ಕೂಡ್ಲೆ ತಗಡ ಬದಲಿ ಮಾಡೇನಿ. ಅದು ನೆಟ್ಟಗೈತಿ."

ಒಲೆಯ ಮೇಲೆ ಉಳಿದ ಚಹಾದಲ್ಲಿ ಒಂದು ಗುಳ್ಳೆ ಒಡೆಯಿತು.

"ನನಗ ಯಾಕ ಹೇಳಲಿಲ್ರಿ?" ಎಂದಳು ಮಂಜುಳಾ.

"ನೀ ಯಾಕ ಹೇಳಲಿಲ್ಲ?"

ಇಬ್ಬರಿಗೂ ಉತ್ತರ ಗೊತ್ತಿತ್ತು. ಮಂಜುಳಾ ನೀರಿನ ತಂಬಿಗೆ ತುಂಬಿದಳು. ಅಷ್ಟರಲ್ಲಿ ಪಡಸಾಲೆಯಿಂದ ಉಡಚವ್ವನ ಕೂಗು ಬಂತು.

"ಇದನ್ನ ಕೊರದಾವ್ರು ಯಾರು?"

ಸಕ್ರಪ್ಪ ಶಿಕ್ಷೆಗೆ ಬಂದವನಂತೆ ಹೊರಬಂದು ನಿಂತ. ಉಡಚವ್ವ ನೀಲಾಳ ಕೈಯನ್ನು ಮೂಗಿನ ಹತ್ತಿರ ಹಿಡಿದಿದ್ದಳು.

"ಯಜಮಾನ್ರ, ಇಷ್ಟ ಶಾಣ್ಯಾತನ ನಾ ಎಲ್ಲೂ ನೋಡಿಲ್ಲ. ಹೆಸರು ಐತಿ, ಆದ್ರ ಮಂದಿಗೆ ಓದಾಕ ಬರಂಗಿಲ್ಲ. ಮನಿಯಾಗ ಕನ್ನಡಿ ಮುಂದ ನಿಂತ್ರ ಆಕೀಗ ಒಬ್ಬಾಕೀಗೆ ಕಾಣ್ತೈತಿ. ಮರ್ಯಾದಿ ಅಂದ್ರ ಇದು."

"ಅತ್ತೀ, ನಾಳೆ ನಾ ಹೆಂಗ ತೋರಸ್ಲಿ?" ಎಂದಳು ನೀಲಾ.

"ತೋರಸಬ್ಯಾಡ. ಒಡಪು ಹೇಳು." ಉಡಚವ್ವ ಸಕ್ರಪ್ಪನ ಕಡೆ ತಿರುಗಿದಳು. "ನಮ್ಮ ಮನಿ ಹೆಣ್ಣಮಕ್ಕಳು ಏಳ ಮಂದಿ ಅದೀವಿ. ನಾಳೆ ಬೆಳಿಗ್ಗೆ ಏಳಕ್ಕ ಇಲ್ಲಿಗೆ ಬಂದ ಸೊರಟೂರಿಗೆ ಹೋಗ್ತೀವಿ. ಏಳೂ ಮಂದಿಗೆ ಅವ್ರವ್ರ ಗಂಡಂದಿರ ಹೆಸರ ಹಿಂಗ ಉಲ್ಟಾ ಬರಬೇಕು. ತಗಡ ನೀವ ಕೊರೀಬೇಕು."

ಮಂಜುಳಾಳ ಕಣ್ಣು ನೀಲಾಳ ಉಗುರಿಗಿಂತ ಹೆಚ್ಚು ಮಿಂಚಿತು. ಸಕ್ರಪ್ಪ ಕಾಗದ ಹುಡುಕಿ, ಪೆನ್ಸಿಲ್ ಚೂಪು ಮಾಡಿ, ಉಡಚವ್ವನ ಎದುರು ಮಂಡಿ ಮಡಚಿ ಕೂತ. ಎಷ್ಟೋ ಕಾಲದ ಮೇಲೆ ಅವನ ದನಿಗೆ ಹಳೆಯ ಛಾಪಖಾನೆಯ ಗತ್ತು ಬಂದಿತ್ತು.

"ಹೇಳ್ರಿ. ಮೊದಲ ನಿಮ್ಮ ಯಜಮಾನ್ರ ಹೆಸರು."

ಉಡಚವ್ವ ತಲೆಯ ಮೇಲಿನ ಸೆರಗು ಮುಂದೆ ಎಳೆದುಕೊಂಡಳು. "ಅದನ್ನ ನಾ ಹೆಂಗ ಹೇಳ್ಲಿ?"

"ಒಡಪಿನ್ಯಾಗ ಹೇಳ್ರಿ."

"ಲಗ್ನದಾಗ ಕಲ್ತಿದ್ದು, ಮರತೈತಿ."

"ಬರದ ಕೊಡ್ರಿ."

"ಶಾಲಿಗೆ ಹೋಗಿಲ್ಲ."

"ಫೋನಿನ್ಯಾಗ ಇರ್ತೈತಲ್ಲ," ಎಂದಳು ಮಂಜುಳಾ. ಉಡಚವ್ವ ಫೋನು ಕೊಟ್ಟಳು. ಮಗ ಅದರಲ್ಲಿ 'ಅಪ್ಪ' ಎಂದು ಹಾಕಿ ಕೊಟ್ಟಿದ್ದ.

"ಉಳದ ಆರ ಮಂದಿದರ ಹೇಳ್ರಿ."

"ಅವ್ರೆಲ್ಲ ನನಗ ಭಾವನೋರು. ಅವ್ರ ಹೆಸರ ಹಿಡಿದ ಕರೀತೀನೇನು ನಾನು?"

ಹೆಬ್ಬೆರಳಿನ ಮುಂದಿನ ಖಬರಿಗಾಗಿ ಬಂದಿದ್ದ ರಾಮವ್ವ ಬಾಗಿಲಲ್ಲೇ ಕೂತು ನೆರವಿಗೆ ಇಳಿದಳು. "ದೇವರ ಹೆಸರೇನ್ರಿ?" ಉಡಚವ್ವ ಹೌದೆಂಬಂತೆ ತಲೆಯಾಡಿಸಿದಳು. "ಈಶ್ವರಪ್ಪ?" ಅಲ್ಲ. "ಹನಮಪ್ಪ?" ಅಲ್ಲ. "ಗುಡ್ಡದ ಮ್ಯಾಲಿನ ದೇವರೋ, ಹೊಳಿ ದಂಡಿ ದೇವರೋ?" ಉಡಚವ್ವ ನಾಚಿ ನೆಲ ನೋಡಿದಳು.

ಐದೂವರೆಯ ಬಸ್ಸಿಗೆ ಅವರು ಎದ್ದು ನಿಂತಾಗ, ಸಕ್ರಪ್ಪನ ಕಾಗದದ ಮೇಲೆ ಒಂದರಿಂದ ಏಳರವರೆಗೆ ಅಂಕಿಗಳು ಅಚ್ಚುಕಟ್ಟಾಗಿ ಕೂತಿದ್ದವು. ಅವುಗಳ ಮುಂದೆ ಏನೂ ಇರಲಿಲ್ಲ.

"ಬೆಳಿಗ್ಗೆ ಏಳಕ್ಕ," ಎಂದು ಉಡಚವ್ವ ಮೆಟ್ಟಿಲಿಳಿಯುತ್ತ ನೆನಪಿಸಿದಳು. "ಒಂದ ಅಕ್ಷರ ತಪ್ಪಬಾರದು ನೋಡ್ರಿ."